ದಪ್ಪನೆಯ ಕಪ್ಪು ಲ್ಯಾಪ್‌ಟಾಪ್

ಮಾರ್ಚ್ 3, ಮಂಗಳವಾರ

ಡಾಕ್ಟರು ನನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ, ಮಣಿಕಟ್ಟಿನ ಒಂದು ಕಡೆ ಒತ್ತಿ, ನಾನು ಕುರ್ಚಿಯಿಂದ ಅರ್ಧ ಎದ್ದದ್ದನ್ನು ನೋಡಿ ಖುಷಿಪಟ್ಟರು. ಸರಿಯಾದ ಜಾಗವೇ ಸಿಕ್ಕಿತಂತೆ. ಆರು ವಾರ ಟೈಪಿಂಗ್ ಬೇಡ ಎಂದರು. ಆಗುವುದಿಲ್ಲ ಎಂದೆ. ಹಾಗಾದರೆ ಕಡಿಮೆ ಮಾಡಿ ಎಂದರು. ಅದೂ ಆಗುವುದಿಲ್ಲ ಎಂದೆ. ಮತ್ತೆ ನನ್ನ ಹತ್ತಿರ ಯಾಕೆ ಬಂದಿರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೈಗೆ ಒಂದು ಪಟ್ಟಿ ಬಿಗಿದು ಕಳಿಸಿದರು.

ಪಟ್ಟಿ ಕಟ್ಟಿದ ಕೈಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೇಳು ವರ್ಷ ಕೋರ್ಟಿನಲ್ಲಿ ಬೇರೆಯವರ ಮಾತನ್ನು ಟೈಪ್ ಮಾಡಿದವಳು ನಾನು. ಸ್ವಂತದ್ದೇನಿದ್ದರೂ ಪೆನ್ನಿನಲ್ಲಿ, ಈ ಪುಸ್ತಕದಲ್ಲಿ. ಟೈಪ್ ಮಾಡಿದರೆ ಅದು ನನ್ನದಲ್ಲ, ಯಾರೋ ಹೇಳಿದ್ದು ಎನಿಸುತ್ತದೆ.

ಕೋರ್ಟಿಗೆ ಧ್ವನಿ ಮುದ್ರಿಸುವ ಯಂತ್ರ ಬಂದಾಗ ನನ್ನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಆಮೇಲೆ ಎರಡು ವರ್ಷ ಅಕ್ಕನ ಮನೆಯಲ್ಲಿ ಕೂತು ಅವಳು ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚಿದೆ. ಅಕ್ಕ ದರ್ಜಿ. ನನಗಿಂತ ಆರು ವರ್ಷ ದೊಡ್ಡವಳು. ಐವತ್ಮೂರು ದಾಟಿದ ನನ್ನನ್ನು ಈಗಲೂ ಪುಟ್ಟಿ ಎಂದೇ ಕರೆಯುತ್ತಾಳೆ. ನಾನು ಹಚ್ಚಿದ ಗುಂಡಿಗಳನ್ನು ನಾನು ಮಲಗಿದ ಮೇಲೆ ಬಿಚ್ಚಿ ತಾನೇ ಮತ್ತೆ ಹಚ್ಚುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು.

ಕಳೆದ ಜೂನ್‌ನಿಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಈ ಕೆಲಸ. ಕಿವಿ ಕೇಳದ ಒಬ್ಬ ವಿದ್ಯಾರ್ಥಿನಿಯ ಪಕ್ಕ ಕೂತು ಮೇಷ್ಟ್ರು ಹೇಳಿದ್ದನ್ನೆಲ್ಲ ಆ ಕ್ಷಣವೇ ಟೈಪ್ ಮಾಡುವುದು. ಅವಳು ಪರದೆ ನೋಡಿ ಓದಿಕೊಳ್ಳುತ್ತಾಳೆ. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತಂತೆ, ಆದರೆ ಮಾತು ಉಳಿದಿದೆ. ಹುಡುಗಿ ಒಳ್ಳೆಯವಳೇ ಇರಬಹುದು. ನನಗೇನು. ನಾನಲ್ಲಿ ಒಂದು ಯಂತ್ರ. ಕಾಲೇಜಿನ ಮಕ್ಕಳು ನನ್ನನ್ನು ಟೈಪಿಂಗ್ ಆಂಟಿ ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ.

ತಪ್ಪೆಲ್ಲ ನನ್ನ ಲ್ಯಾಪ್‌ಟಾಪಿನದು. ನೋಡಲು ತೆಳ್ಳಗೆ, ಬೆಳ್ಳಗೆ, ಬಳುಕುವಂತಿದೆ ಎಂದು ಮರುಳಾಗಿ ಕೊಂಡಿದ್ದೆ. ಅದರ ಕೀಲಿಗಳು ಒತ್ತಿದರೆ ಇಳಿಯುವುದೇ ಇಲ್ಲ. ಮೇಜನ್ನು ಕುಟ್ಟಿದ ಹಾಗೆ. ಮೊದಲು ಎರಡು ಗಂಟೆ ತಡೆಯುತ್ತಿದ್ದ ಕೈ ಈಗ ಮೂವತ್ತೈದು ನಿಮಿಷಕ್ಕೆ ಸೋಲುತ್ತಿದೆ.

ಮಾರ್ಚ್ 5, ಗುರುವಾರ

ಇವತ್ತು ಆಗಬಾರದ್ದು ಆಯಿತು.

ಸೇತುವೆಗಳ ಪಾಠ. ಪಾಠ ಮಾಡುವವರಿಗೆ ಹುಡುಗರು ಕಾಂಕ್ರೀಟ್ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಗಟ್ಟಿಯಾದರೆ ಮತ್ತೆ ಬಗ್ಗುವವರಲ್ಲ. ಬೋರ್ಡಿನ ಕಡೆ ಮುಖ ಮಾಡಿ, ಬೋರ್ಡಿಗೇ ಪಾಠ ಹೇಳುತ್ತಾರೆ. ನಡುವೆ ಸೀಮೆಸುಣ್ಣ ಮುರಿಯಿತು. ಹೊಸದನ್ನು ಕೊಡಲು ಬಂದ ಸಹಾಯಕ ಮೇಷ್ಟ್ರ ಹತ್ತಿರ ದನಿ ತಗ್ಗಿಸಿ ಏನೋ ಅಂದರು. ಮುಂದಿನ ಸಾಲಿಗೆಲ್ಲ ಕೇಳಿಸಿತು. ಕೋರ್ಟಿನಲ್ಲಿ ನಮಗೆ ಕಲಿಸಿದ್ದು ಒಂದೇ ಪಾಠ: ಕೇಳಿಸಿದ್ದೆಲ್ಲ ದಾಖಲಾಗಬೇಕು. ಕೆಮ್ಮಿದರೆ ಕಂಸದಲ್ಲಿ ಕೆಮ್ಮು, ಸುಮ್ಮನಿದ್ದರೆ ಕಂಸದಲ್ಲಿ ಮೌನ. ಕೈ ತನ್ನ ಪಾಡಿಗೆ ತಾನು ಟೈಪ್ ಮಾಡಿಬಿಟ್ಟಿತು.

"ಈ ಕಿವಿ ಕೇಳದ ಹುಡುಗಿ ಮೌಖಿಕ ಪರೀಕ್ಷೇಲಿ ಅರ್ಧ ಗಂಟೆ ನಿಲ್ಲಲ್ಲ ನೋಡ್ತಿರಿ. ಸುಮ್ನೆ ಎಲ್ಲರ ಟೈಮ್ ಹಾಳು."

ಸಾಲು ಮುಗಿದ ಮೇಲೆಯೇ ನಾನು ಅದನ್ನು ಓದಿದ್ದು. ಅಷ್ಟರಲ್ಲಿ ಹುಡುಗಿ ಪರದೆಯ ಮೇಲೆ ಆ ಸಾಲಿನ ಪಕ್ಕ ಬೆರಳಿಟ್ಟಿದ್ದಳು. ಎದ್ದು ನಿಂತಳು. ಯಾಕೆ ನಿಲ್ಲಲ್ಲ ಅಂತೀರಿ ಸರ್ ಎಂದು ಕೇಳಿದಳು. ಏರಿಳಿತವಿಲ್ಲದ ಅವಳ ದನಿ ಆ ದೊಡ್ಡ ಕೋಣೆಯ ಕೊನೆಯ ಬೆಂಚಿನವರೆಗೂ ಹೋಯಿತು. ಮೇಷ್ಟ್ರು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ತರಗತಿ ಮುಗಿದ ಮೇಲೆ ಬಾಗಿಲಲ್ಲೇ ತಡೆದರು.

"ಪಾಠ ಟೈಪ್ ಮಾಡೋಕೆ ನಿಮ್ಮನ್ನ ಇಟ್ಟಿರೋದು. ನಾನು ಪಕ್ಕದವರ ಹತ್ರ ಆಡಿದ ಮಾತನ್ನಲ್ಲ."

"ಕೈ ತಪ್ಪಿ ಬಂತು ಸರ್. ಕ್ಷಮಿಸಿ."

ಮನೆಗೆ ಬಂದು ಅಕ್ಕನಿಗೂ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸಿದ್ದಿಲ್ಲ. ನಾಚಿಕೆಯಿಂದ ಊಟ ಸೇರಲಿಲ್ಲ.

ಮಾರ್ಚ್ 6, ಶುಕ್ರವಾರ

ವಿಭಾಗದ ಮುಖ್ಯಸ್ಥೆ ಕರೆಸಿದರು. ಕಾಂಕ್ರೀಟ್ ಮೇಷ್ಟ್ರು ಮೊದಲೇ ಬಂದು ಕೂತಿದ್ದರು. ಹುಡುಗಿಯೂ ಇದ್ದಳು, ನಾನು ಅಲ್ಲೂ ಟೈಪ್ ಮಾಡಲೇಬೇಕಿತ್ತು. ನನ್ನ ಮೇಲಿನ ದೂರನ್ನು ನಾನೇ ಅಕ್ಷರ ಬಿಡದೆ ಟೈಪ್ ಮಾಡಿದೆ.

ಏಪ್ರಿಲ್ 2ಕ್ಕೆ ಹುಡುಗಿಯ ಕೊನೆಯ ಮೌಖಿಕ ಪರೀಕ್ಷೆ. ಮೂವರು ಪರೀಕ್ಷಕರು, ಅವರಲ್ಲಿ ಇವರೂ ಒಬ್ಬರು. ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕೊಟ್ಟರೆ ಸಾಕು, ಈ ಟೈಪಿಂಗ್ ಎಲ್ಲ ಯಾಕೆ ಎಂಬುದು ಮೇಷ್ಟ್ರ ವಾದ. ಹುಡುಗಿ ಒಪ್ಪಲಿಲ್ಲ. ಬರೆದು ಕೊಟ್ಟರೆ ಅದು ಲಿಖಿತ ಪರೀಕ್ಷೆಯಾಗುತ್ತದೆ. ಪದವಿ ಬರುತ್ತದೆ, ಆದರೆ ಸೇತುವೆ ತಪಾಸಣೆ ಮಾಡುವ ಪರವಾನಗಿ ಬರುವುದಿಲ್ಲ. ಅದಕ್ಕೆ ಮೌಖಿಕ ಪರೀಕ್ಷೆಯಲ್ಲೇ ಗೆಲ್ಲಬೇಕು. ಅವಳು ಇಷ್ಟು ವರ್ಷ ಓದಿದ್ದೇ ಆ ಪರವಾನಗಿಗಾಗಿ.

ಮುಖ್ಯಸ್ಥೆ ಕಡ್ಡಿ ಮುರಿದ ಹಾಗೆ ಹೇಳಿದರು: ಟೈಪಿಂಗ್ ಇರಲಿ. ಆದರೆ ಎಲ್ಲರಿಗೂ ಹೇಗೋ ಹಾಗೆ. ಪ್ರಶ್ನೆ ಒಂದೇ ಸಲ, ನಡುವೆ ಬಿಡುವಿಲ್ಲ. ಎರಡು ಗಂಟೆಯಾಗಬಹುದು, ಹೆಚ್ಚೂ ಆಗಬಹುದು. ಟೈಪಿಂಗ್ ನಿಂತರೆ ಅಲ್ಲಿಂದ ಮುಂದೆ ಲಿಖಿತ.

ಹೊರಗೆ ಬಂದ ಮೇಲೆ ಅವಳ ಹತ್ತಿರ ಕ್ಷಮೆ ಕೇಳಿದೆ. ಆ ಸಾಲು ಬರಬಾರದಿತ್ತು ಎಂದು ಟೈಪ್ ಮಾಡಿ ತೋರಿಸಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಮುಂದಿನ ಸಾಲಿಗೆಲ್ಲ ಕೇಳಿಸಿತ್ತಲ್ಲ ಆಂಟಿ. ನನ್ನ ಬಗ್ಗೆ ಆಡಿದ ಮಾತು ನನಗೊಬ್ಬಳಿಗೇ ಯಾಕೆ ಬೇಡ?"

ಈಗಿನ ಹುಡುಗಿಯರಿಗೆ ಧೈರ್ಯ ಜಾಸ್ತಿ. ನನಗ್ಯಾಕೆ ಈ ಉಸಾಬರಿ. ಆದರೆ ಅರ್ಧ ಗಂಟೆ ಎಂಬ ಮಾತು ಮಾತ್ರ ಕಿವಿಯಿಂದ ಹೋಗುತ್ತಿಲ್ಲ. ಮೇಷ್ಟ್ರು ಅಂದದ್ದು ಅವಳಿಗೆ, ಚುಚ್ಚಿದ್ದು ನನಗೆ. ಮೂವತ್ತೈದು ನಿಮಿಷಕ್ಕೆ ಸೋಲುವ ಕೈ ನನ್ನದಲ್ಲವೇ.

ಮಾರ್ಚ್ 8, ಭಾನುವಾರ

ಲ್ಯಾಪ್‌ಟಾಪ್ ಅಂಗಡಿಗೆ ಹೋಗಿದ್ದೆ. ಬೇರೆ ಕೀಬೋರ್ಡ್ ಸಿಕ್ಕಿಸಿಕೊಳ್ಳಿ ಎಂದು ಹೇಳುವವರು ಬಹಳ ಇದ್ದಾರೆ. ಅದನ್ನೂ ನೋಡಿಯಾಗಿದೆ. ಕೋರ್ಟಿನ ನನ್ನ ಹಳೆಯ ಕೀಬೋರ್ಡನ್ನು ಒಂದು ದಿನ ಕಾಲೇಜಿಗೆ ಒಯ್ದಿದ್ದೆ. ಅದರ ಟಕಟಕ ಸದ್ದಿಗೆ ಇಡೀ ತರಗತಿ ತಿರುಗಿ ನೋಡಿತು. ಅಲ್ಲದೆ ಅಲ್ಲಿ ಮೇಜೇ ಇಲ್ಲ, ಕುರ್ಚಿಯ ಕೈಗೆ ಅಂಟಿಸಿದ ಪುಟ್ಟ ಹಲಗೆ. ಅದರ ಮೇಲೆ ಲ್ಯಾಪ್‌ಟಾಪ್ ಒಂದು ಕೂತರೆ ಹೆಚ್ಚು.

ಅಂಗಡಿಯ ಮಾರಾಟಗಾರ ನಲವತ್ತರ ಆಸಾಮಿ, ಮಾತಿನ ಮಲ್ಲ. ಪರದೆ ತೋರಿಸಿದ, ಕ್ಯಾಮೆರಾ ತೋರಿಸಿದ, ಆಟ ಆಡಿದರೆ ಬೆಂಕಿ ಹೇಗೆ ಕಾಣುತ್ತದೆ ಎಂದೂ ತೋರಿಸಿದ. ನನಗೆ ಕೀಲಿಗಳು ಸಾಕಪ್ಪ ಎಂದೆ. ಕೀಲಿಗಳು ಎಲ್ಲದರಲ್ಲೂ ಇರ್ತಾವೆ ಮೇಡಂ ಎಂದ.

ಒಂದೊಂದರ ಮುಂದೆಯೂ ಕಣ್ಣು ಮುಚ್ಚಿ, ಕೋರ್ಟಿನ ಸಾಕ್ಷಿ ಪ್ರಮಾಣವನ್ನು ಟೈಪ್ ಮಾಡಿ ನೋಡಿದೆ. ನಮ್ಮವರೆಲ್ಲ ಹೊಸ ಯಂತ್ರವನ್ನು ಹಾಗೆಯೇ ಪರೀಕ್ಷಿಸುವುದು. ಒಂದರ ಅಂಚು ಮಣಿಕಟ್ಟಿಗೆ ಚಾಕುವಿನ ಹಾಗೆ ತಾಗಿತು. ಇನ್ನೊಂದರಲ್ಲಿ ಬಲಗಡೆ ಅಂಕಿಗಳ ಸಾಲು ತುರುಕಿ ಅಕ್ಷರಗಳನ್ನೆಲ್ಲ ಎಡಕ್ಕೆ ತಳ್ಳಿದ್ದರು. ಅದರ ಮುಂದೆ ಕೂತರೆ ಸೊಂಟ ಸೊಟ್ಟಗಾಗುತ್ತದೆ. ಮತ್ತೊಂದು ಹತ್ತು ನಿಮಿಷಕ್ಕೆ ಬಿಸಿಯಾಗಿ ಅಂಗೈ ಬೆವರಿತು. ನಾಲ್ಕನೆಯದು ಹಿತವೆನಿಸುವಷ್ಟರಲ್ಲಿ ಮಾರಾಟಗಾರ ಗಡಿಯಾರ ನೋಡಿದ. ಒಬ್ಬರಿಗೆ ಹತ್ತು ನಿಮಿಷವಂತೆ. ಹತ್ತು ನಿಮಿಷದಲ್ಲಿ ಎಲ್ಲವೂ ಹಿತವೇ. ಸತ್ಯ ಗೊತ್ತಾಗುವುದು ನಲವತ್ತನೇ ನಿಮಿಷದಲ್ಲಿ.

ಬರಿಗೈಯಲ್ಲಿ ವಾಪಸ್ ಬಂದೆ.

ಮಾರ್ಚ್ 10, ಮಂಗಳವಾರ

ಎರಡು ಬೆರಳಿಗೆ ಜೋಮು. ಬೆಳಿಗ್ಗೆ ಲೋಟ ಜಾರಿ ಬಿತ್ತು. ಹೆಚ್ಚು ಬರೆಯಲಾರೆ.

ಮಾರ್ಚ್ 14, ಶನಿವಾರ

ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಲೋಟ ಯಾಕೆ ಬಿತ್ತು ಎಂದು ನಾಲ್ಕು ದಿನದಿಂದ ಪ್ರಾಣ ತಿನ್ನುತ್ತಿದ್ದಳು. ಕೇಳಿದ ಮೇಲೆ, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದಳು. ಕತ್ತರಿ ಕೊಳ್ಳಲು ಹೋದರೆ ಅಂಗಡಿಯವನ ಅರ್ಧ ಥಾನು ಬಟ್ಟೆ ಕತ್ತರಿಸಿ ನೋಡದೆ ಬಿಡುವವಳಲ್ಲ ಅವಳು.

ಎರಡನೇ ಅಂಗಡಿ ದೊಡ್ಡದು. ಅಲ್ಲಿನ ಮಾರಾಟಗಾರ್ತಿಗೆ ಅಕ್ಕನೇ ವಿಷಯ ಹೇಳಿದಳು: ನನ್ನ ತಂಗಿಗೆ ಮುಕ್ಕಾಲು ಗಂಟೆ ಬೇಕು, ಕುರ್ಚಿ ಬೇಕು, ಯಾರೂ ಗಡಿಯಾರ ನೋಡಬಾರದು. ಆ ಹೆಂಗಸು ನಕ್ಕು ತನ್ನ ಕುರ್ಚಿಯನ್ನೇ ಕೊಟ್ಟಳು.

ಪ್ರಮಾಣ ವಚನವನ್ನು ಎಷ್ಟು ಸಲ ಎಂದು ಟೈಪ್ ಮಾಡುವುದು? ಬಾಯಿಪಾಠ ಬಂದದ್ದನ್ನು ಬೆರಳು ಸುಮ್ಮನೆ ಓಡಿಸಿಬಿಡುತ್ತದೆ. ತರಗತಿಯ ಹಾಗೆ ಯಾರಾದರೂ ಮಾತಾಡಬೇಕು, ನಾನು ಹಿಂದೆ ಓಡಬೇಕು. ನೀನು ಮಾತಾಡು ಎಂದೆ ಅಕ್ಕನಿಗೆ. ಮನೆಯಲ್ಲಿ ಸೂಜಿಗೆ ದಾರ ಪೋಣಿಸುವಾಗಲೂ ಬಾಯಿ ಮುಚ್ಚದ ಅಕ್ಕ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಏನು ಮಾತಾಡಲಿ ಎಂದಳು. ನನಗೆ ಸಿಟ್ಟು ಬಂತು. ಏನಾದರೂ ಆಡು, ಬೇಕಾದರೆ ನನ್ನನ್ನೇ ಆಡಿಕೋ ಎಂದೆ.

ಅಷ್ಟು ಸಾಕಾಯಿತು. ನಲವತ್ತೆಂಟು ನಿಮಿಷ ನನ್ನನ್ನು ಆಡಿಕೊಂಡಳು. ಸುತ್ತ ಜನ ಸೇರಿದರಂತೆ, ನನಗೆ ಗೊತ್ತಿಲ್ಲ. ಟೈಪ್ ಮಾಡುವಾಗ ಅರ್ಥ ಒಳಗಿಳಿಯುವುದಿಲ್ಲ ನನಗೆ, ಅಕ್ಕ ಹೇಳಿದ್ದರಲ್ಲಿ ಒಂದು ಮಾತೂ ನೆನಪಿಲ್ಲ. ಕೊನೆಗೆ ಮಾರಾಟಗಾರ್ತಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಮಾತ್ರ ಕಂಡಿತು. ನಕ್ಕು ನಕ್ಕು ಬಂದ ನೀರಿರಬೇಕು.

ಲ್ಯಾಪ್‌ಟಾಪ್ ಪರವಾಗಿಲ್ಲ. ಆದರೆ ಮೂವತ್ತನೇ ನಿಮಿಷಕ್ಕೆ ಮಣಿಕಟ್ಟು ಸಣ್ಣಗೆ ಕೂಗಲು ಶುರು ಮಾಡಿತು. ಕೀಲಿಗಳು ಆಳವಾಗಿಯೇ ಇಳಿಯುತ್ತವೆ, ಮೆತ್ತಗಿವೆ, ಆದರೂ ಯಾಕೆ ನೋವು? ತಿಳಿಯಲಿಲ್ಲ. ನಾಳೆ ಹುಡುಗಿಯನ್ನು ಕರೆದುಕೊಂಡು ಬರಬೇಕು ಎಂದಳು ಅಕ್ಕ. ಓದುವವಳು ಅವಳು ತಾನೇ ಎಂದಳು. ಯಾಕೆ ನನಗೆ ಹೊಳೆಯಲಿಲ್ಲವೋ.

ಮಾರ್ಚ್ 15, ಭಾನುವಾರ

ಸಿಕ್ಕಿತು.

ಹುಡುಗಿ ಬಂದಳು. ಅಕ್ಕ ಅವಳನ್ನು ನೋಡಿದ ಕೂಡಲೇ ಇಂಜಿನಿಯರಮ್ಮ ಎಂದು ಹೆಸರಿಟ್ಟು, ಅವಳ ಅಂಗಿಯ ತೋಳು ಅರ್ಧ ಬೆರಳು ಉದ್ದವಾಯಿತು ಎಂದು ಕೈಸನ್ನೆಯಲ್ಲೇ ತಿಳಿಸಿದಳು. ಅಂಗಡಿಯಲ್ಲಿ ನಿನ್ನೆಯ ಬರಹ ಪರದೆಯ ಮೇಲೆ ಹಾಗೇ ಇತ್ತು. ಮಾರಾಟಗಾರ್ತಿ ಅಳಿಸಲು ಬಿಟ್ಟಿರಲಿಲ್ಲ. ಹುಡುಗಿ ನಿಂತು ಓದಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಒಂದು ಜಾಗವನ್ನು ಗಟ್ಟಿಯಾಗಿ ಓದಿ ಹೇಳಿದಳು.

"ಇವಳು ನಿದ್ದೇಲೂ ಟೈಪ್ ಮಾಡ್ತಾಳೆ, ಹೊದಿಕೆ ಮೇಲೆ ಬೆರಳು ಆಡ್ತಾನೇ ಇರ್ತವೆ. ಕೋರ್ಟ್ ಬಿಟ್ಟ ದಿನದಿಂದ ಎರಡು ವರ್ಷ ಬೆರಳು ಆಡಲೇ ಇಲ್ಲ. ನಾನು ರಾತ್ರಿ ಎದ್ದೆದ್ದು ನೋಡ್ತಿದ್ದೆ. ಈ ಕೆಲಸ ಸಿಕ್ಕಿದ ಮೇಲೆ ಮತ್ತೆ ಶುರುವಾಗಿದೆ."

ಅಕ್ಕ ಬಾಗಿಲ ಕಡೆ ನೋಡುತ್ತ ನಿಂತಳು. ನಿನ್ನೆಯದನ್ನೇ ಇನ್ನೊಮ್ಮೆ ನೋಡೋಣ ಎಂದು ನಾನು ಕುರ್ಚಿ ಎಳೆದುಕೊಂಡೆ.

ನಾನು ಟೈಪ್ ಮಾಡತೊಡಗಿದ ಮೇಲೆ ಹುಡುಗಿ ಪರದೆ ಬಿಟ್ಟು, ಕೀಲಿಗಳ ಪಕ್ಕದ ಖಾಲಿ ಜಾಗದಲ್ಲಿ ಅಂಗೈ ಇಟ್ಟಳು. ಕಣ್ಣು ಮುಚ್ಚಿಕೊಂಡಳು. ಅವಳ ಸಂಶೋಧನೆಯೇ ಸೇತುವೆಗಳ ಅದುರುವಿಕೆ. ಲಾರಿ ಹೋಗುವಾಗ ಕಂಬಿಯ ಮೇಲೆ ಕೈ ಇಟ್ಟು, ಎಲ್ಲಿ ಸಡಿಲವಾಗಿದೆ ಎಂದು ಉಪಕರಣಕ್ಕಿಂತ ಮೊದಲೇ ಹೇಳುತ್ತಾಳಂತೆ. ಒಂಬತ್ತು ತಿಂಗಳು ಅವಳ ಪಕ್ಕ ಕೂತು ಅವಳ ಪಾಠ ಟೈಪ್ ಮಾಡಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ.

"ನಿಮ್ಮ ಹಳೇದರಲ್ಲಿ ಕೀಲಿ ಬೇಗ ತಳಕ್ಕೆ ಬಡಿಯುತ್ತೆ. ಆ ಪೆಟ್ಟು ಸೀದಾ ಮಣಿಕಟ್ಟಿಗೆ," ಎಂದಳು. "ಇದರಲ್ಲಿ ಕೀಲಿ ಚೆನ್ನಾಗಿದೆ, ಆದರೆ ಅದರ ಕೆಳಗಿನ ಹಲಗೆ ನಡುವೆ ಬಳುಕುತ್ತೆ. ಬೆರಳು ಯಾವಾಗ ತಳ ಮುಟ್ಟಿತು ಅಂತ ನಿಮಗೆ ಗೊತ್ತಾಗ್ತಿಲ್ಲ, ಅದಕ್ಕೆ ಇನ್ನೂ ಜೋರಾಗಿ ಒತ್ತುತ್ತಿದ್ದೀರಿ. ಕೆಳಗೆ ಗಟ್ಟಿಯಾಗಿರೋದು ಬೇಕು, ಮೇಲೆ ಮೆತ್ತಗಿರೋದು ಬೇಕು. ಸೇತುವೆಗೂ ಅಷ್ಟೇ."

ಆಮೇಲೆ ನೋಡಬೇಕಿತ್ತು. ಅಂಗಡಿಯ ಸಾಲು ಸಾಲನ್ನೂ ಅಂಗೈಯಲ್ಲಿ ತಟ್ಟುತ್ತ ಹೋದಳು. ಅಕ್ಕ ಅವಳ ಹಿಂದೆ, ಮಾರಾಟಗಾರ್ತಿ ಅಕ್ಕನ ಹಿಂದೆ. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಕಚೇರಿಗಳಿಗೆಂದು ತರಿಸಿದ ಒಂದು ದಪ್ಪನೆಯ ಕಪ್ಪು ಲ್ಯಾಪ್‌ಟಾಪಿನ ಮುಂದೆ ಕೂತುಬಿಟ್ಟಳು. ಅದರಷ್ಟು ಕುರೂಪಿ ವಸ್ತುವನ್ನು ನಾನು ಈಚೆಗೆ ನೋಡಿಲ್ಲ. ಕೀಲಿಗಳು ನಡುವೆ ಸ್ವಲ್ಪ ಗುಳಿಬಿದ್ದು ಬೆರಳಿಗೆ ಹೊಂದಿಕೊಳ್ಳುತ್ತವೆ. ಒತ್ತಿದರೆ ಇಳಿಯುತ್ತವೆ, ತಳ ಮುಟ್ಟಿದ್ದು ತಿಳಿಯುತ್ತದೆ, ಬಿಟ್ಟರೆ ತಾವಾಗಿ ಬೆರಳನ್ನು ಎತ್ತಿ ಕೊಡುತ್ತವೆ. ಅಂಚು ದುಂಡಗಿದೆ. ಸದ್ದು ಹತ್ತಿ ಬಟ್ಟೆಯ ಮೇಲೆ ಗುಂಡಿ ಬಿದ್ದಷ್ಟು. ಅಕ್ಕ ಮತ್ತೆ ಐವತ್ತು ನಿಮಿಷ ನನ್ನನ್ನು ಆಡಿಕೊಂಡಳು. ಮಣಿಕಟ್ಟು ಚಕಾರ ಎತ್ತಲಿಲ್ಲ.

ಗೋಡೆ ಗಡಿಯಾರದ ಜೊತೆ ಕೋರ್ಟಿನವರು ಕೊಟ್ಟ ಹಣಕ್ಕೆ ಇವತ್ತು ಒಂದು ಅರ್ಥ ಬಂತು.

ಮಾರ್ಚ್ 18, ಬುಧವಾರ

ಹೊಸದರ ಮೇಲೆ ಮತ್ತೆ ನೋವು. ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಕ್ಕ ಹೊಲಿಗೆ ನಿಲ್ಲಿಸಿ ಬಂದು, ನನ್ನಿಂದ ಹತ್ತು ನಿಮಿಷ ಟೈಪ್ ಮಾಡಿಸಿ ನೋಡಿದಳು. ಯಂತ್ರ ಸರಿ ಇದೆ, ನೀನು ಸರಿ ಇಲ್ಲ ಎಂದಳು. ತೆಳ್ಳನೆಯದರ ಮೇಲೆ ಗುದ್ದಿ ಗುದ್ದಿ ಅಭ್ಯಾಸವಾಗಿ, ಇದರ ಮೇಲೂ ಮೊಳೆ ಹೊಡೆದ ಹಾಗೆ ಹೊಡೆಯುತ್ತಿದ್ದೇನಂತೆ. ಭುಜವೂ ಕಿವಿಯವರೆಗೆ ಏರಿರುತ್ತದಂತೆ. ನನ್ನ ಕೆಳಗೆ ಎರಡು ದಿಂಬು ಇಟ್ಟಳು, ಮೊಣಕೈ ಕೀಲಿಗಳಿಗೆ ಸಮನಾಗುವವರೆಗೆ. ಹೊಸ ಹುಡುಗಿಯರಿಗೆ ಹೊಲಿಗೆ ಕಲಿಸುವಾಗ ಮಾಡುವ ಹಾಗೆ ನನ್ನ ಕೈ ಮೇಲೆ ತನ್ನ ಕೈ ಇಟ್ಟು, ಅರ್ಧ ಗಂಟೆ ನಿಧಾನವಾಗಿ ಟೈಪ್ ಮಾಡಿಸಿದಳು.

ಇಷ್ಟು ವರ್ಷದ ಮೇಲೆ ಟೈಪಿಂಗ್ ಕಲಿಯುತ್ತಿದ್ದೇನೆ, ಅದೂ ಟೈಪಿಂಗ್ ಬಾರದ ಅಕ್ಕನ ಹತ್ತಿರ.

ಮಾರ್ಚ್ 24, ಮಂಗಳವಾರ

ನಮ್ಮ ಹುಡುಗಿ ದಿನಾ ಸಂಜೆ ಮನೆಗೆ ಬರುತ್ತಾಳೆ. ಅಕ್ಕ ಪರೀಕ್ಷಕರ ಪಾತ್ರ ಹಾಕುತ್ತಾಳೆ. ಪುಸ್ತಕ ನೋಡಿ ಪ್ರಶ್ನೆ ಓದುತ್ತಾಳೆ, ಗೋಡೆಗೆ ಮುಖ ಮಾಡಿ ಗೊಣಗುತ್ತಾಳೆ, ಬೇಕೆಂದೇ ಕೆಮ್ಮುತ್ತಾಳೆ. ಕಾಂಕ್ರೀಟ್ ಮೇಷ್ಟ್ರ ಹಾಗೆ ಮೂಗಿನಲ್ಲಿ ಹುಂ ಎನ್ನುವುದನ್ನೂ ನನ್ನಿಂದ ಕಲಿತಿದ್ದಾಳೆ. ನಾನು ಟೈಪ್ ಮಾಡುತ್ತೇನೆ, ಹುಡುಗಿ ಓದುತ್ತ ಓದುತ್ತಲೇ ಉತ್ತರಿಸುತ್ತಾಳೆ. ಇವತ್ತು ಒಂದು ಗಂಟೆ ನಲವತ್ತು ನಿಮಿಷ, ಬಿಡುವಿಲ್ಲದೆ. ಕೈ ತಣ್ಣಗಿದೆ.

ಅಕ್ಕನಿಗೆ ಸೇತುವೆಯ ವಿದ್ಯೆ ಹತ್ತಿಬಿಟ್ಟಿದೆ. ಬಟ್ಟೆಯ ಹೊಲಿಗೆಯಲ್ಲೂ ಎಳೆತ ಬೀಳುವ ಕಡೆ ಎರಡು ಸಾಲು ಹಾಕಬೇಕು, ನೀವೂ ಹಾಗೇ ತಾನೇ ಎಂದು ಹುಡುಗಿಯನ್ನು ಕೇಳಿದಳು. ಹೌದು ಎಂದಳು ಅವಳು. ಇಬ್ಬರೂ ಭಾರಿ ವಿದ್ವಾಂಸರ ಹಾಗೆ ತಲೆದೂಗಿದರು. ಆದರೆ ಒಂದು ಪ್ರಶ್ನೆಗೆ ಹುಡುಗಿ ಕೊಟ್ಟ ಉತ್ತರ ತಪ್ಪಾಗಿತ್ತು. ಬೇಸಿಗೆಯಲ್ಲಿ ಸೇತುವೆ ಹಿಗ್ಗುವ ಲೆಕ್ಕ. ಮೇಷ್ಟ್ರು ಅಕ್ಟೋಬರ್‌ನಲ್ಲಿ ಬೇರೆ ಥರ ಹೇಳಿದ್ದರು ಎಂದೆ. ಹಳೆಯ ಪಾಠ ತೆಗೆದು ನೋಡಿದರೆ ನಾನು ಹೇಳಿದ್ದೇ ಸರಿ. ನಿಮಗೆ ಹೇಗೆ ಗೊತ್ತು ಎಂದು ಹುಡುಗಿ ಕೇಳಿದಳು. ಹೇಗೋ ಗೊತ್ತಿತ್ತು, ಅಷ್ಟೇ.

ಮಾರ್ಚ್ 30, ಸೋಮವಾರ

ಮಧ್ಯಾಹ್ನ ಕಾಲೇಜಿನ ಹಜಾರದಲ್ಲಿ ಕಾಂಕ್ರೀಟ್ ಮೇಷ್ಟ್ರು ಎದುರಾದರು. ಪರೀಕ್ಷೆಯ ದಿನ ಪ್ರಶ್ನೆಗಳನ್ನು ಮಾತ್ರ ಟೈಪ್ ಮಾಡಿ, ಉಳಿದದ್ದು ಬೇಡ, ಅರ್ಥವಾಯಿತಲ್ಲ ಎಂದರು. ಹೂಂ ಎಂದು ಬಂದುಬಿಟ್ಟೆ. ಸಂಜೆಯೆಲ್ಲ ಅದೇ ತಲೆಯಲ್ಲಿ. ದೊಡ್ಡವರು ಹೇಳಿದ್ದಾರೆ, ಕೇಳಿದರೆ ಕಳೆದುಕೊಳ್ಳುವುದೇನಿಲ್ಲ. ಹುಡುಗಿಗೆ ಗೊತ್ತೂ ಆಗುವುದಿಲ್ಲ.

ಮಾರ್ಚ್ 31, ಮಂಗಳವಾರ

ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿ ಬಂದೆ. ಪರೀಕ್ಷೆಯ ಕೋಣೆಯಲ್ಲಿ ಆಡಿದ್ದೆಲ್ಲ ಉಳಿದವರ ಕಿವಿಗೆ ಬೀಳುತ್ತದೆ, ಆದ್ದರಿಂದ ಎಲ್ಲವನ್ನೂ ಟೈಪ್ ಮಾಡುತ್ತೇನೆ ಎಂದೆ. ಬೇಡವಾದರೆ ಈಗಲೇ ಬೇರೆಯವರನ್ನು ನೋಡಿಕೊಳ್ಳಿ ಎಂದೂ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಸರಿ ಎಂದರು. ಮೇಷ್ಟ್ರಿಗೆ ತಾವೇ ತಿಳಿಸುತ್ತಾರಂತೆ.

ಮೆಟ್ಟಿಲಿಳಿಯುವಾಗ ಯಾರೋ ಟೈಪಿಂಗ್ ಆಂಟಿ ಎಂದು ಕೂಗಿದರು. ತಿರುಗಿ ಕೈ ಬೀಸಿದೆ.

ಏಪ್ರಿಲ್ 2, ಗುರುವಾರ

ಪೆನ್ನು ಹುಡುಕುವಷ್ಟು ತಾಳ್ಮೆ ಇಲ್ಲ, ಲ್ಯಾಪ್‌ಟಾಪ್ ತೆರೆದೇ ಇತ್ತು, ಇದರಲ್ಲೇ ಹೇಳಿಬಿಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಶುರು. ಉದ್ದ ಮೇಜಿನ ಆಚೆ ಮೂವರು: ಹೊರಗಿನಿಂದ ಬಂದ ಹಿರಿಯ ಮಹಿಳಾ ಇಂಜಿನಿಯರು, ಒಬ್ಬ ಕನ್ನಡಕದವರು, ಕಾಂಕ್ರೀಟ್ ಮೇಷ್ಟ್ರು. ಈಚೆ ನಾವಿಬ್ಬರು, ಅದೇ ಹಲಗೆಯ ಕುರ್ಚಿಗಳಲ್ಲಿ. ಅಕ್ಕನ ಎರಡು ದಿಂಬುಗಳನ್ನು ಚೀಲದಿಂದ ತೆಗೆದು ಕುರ್ಚಿಗೆ ಹಾಕಿ ಕೂತೆ. ಕನ್ನಡಕದವರು ಹುಬ್ಬೇರಿಸಿದರು. ಏರಿಸಲಿ.

ಮೊದಲ ಅರ್ಧ ಗಂಟೆ ಜೀವ ಬಾಯಿಗೆ ಬಂದಿತ್ತು. ಮೂವತ್ತೈದನೇ ನಿಮಿಷ ಬಂತು, ಹೋಯಿತು. ಮಣಿಕಟ್ಟು ಸುಮ್ಮನಿತ್ತು. ಒಂದು ಗಂಟೆ. ಕೀಲಿಗಳು ಬೆರಳನ್ನು ಎತ್ತಿ ಎತ್ತಿ ಕೊಡುತ್ತಿದ್ದವು. ಹುಡುಗಿ ಓದುತ್ತಿದ್ದಳು, ತಲೆ ಎತ್ತುತ್ತಿದ್ದಳು, ಉತ್ತರಿಸುತ್ತಿದ್ದಳು. ಪ್ರಶ್ನೆ ಕೇಳಿದವರು ಬಾಯಿ ಮುಚ್ಚುವಷ್ಟರಲ್ಲಿ ಅವಳು ಬಾಯಿ ತೆರೆಯುತ್ತಿದ್ದಳು. ಕಾಂಕ್ರೀಟ್ ಮೇಷ್ಟ್ರ ಸರದಿ ಬಂದಾಗ ಅವರು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಬೇಕೆಂದೇ ಮಾಡಿದರೋ, ಅಭ್ಯಾಸವೋ. ಕಿಟಕಿಗೇ ಹೇಳುತ್ತಾ ಹೋದರು, ಒಂದರ ಬೆನ್ನಿಗೆ ಒಂದು, ಉಸಿರಾಡಲೂ ಬಿಡದೆ. ನಾನು ಬಿಡಲಿಲ್ಲ. ಮನೆಯಲ್ಲಿ ಗೋಡೆಗೆ ಗೊಣಗುವ ಅಕ್ಕನನ್ನು ಹಿಂಬಾಲಿಸಿದ ಕೈ ಇದು. ಬೇಸಿಗೆಯಲ್ಲಿ ಸೇತುವೆ ಹಿಗ್ಗುವ ಲೆಕ್ಕವನ್ನೂ ಕೇಳಿದರು. ಹುಡುಗಿ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ, ಮೇಷ್ಟ್ರು ಅಕ್ಟೋಬರ್‌ನಲ್ಲಿ ಹೇಳಿದ್ದನ್ನೇ, ಅವರದೇ ಮಾತಿನಲ್ಲಿ ಹೇಳಿದಳು.

ಎರಡು ಗಂಟೆ. ಕಿರುಬೆರಳು ಸ್ವಲ್ಪ ಬಿಸಿಯಾಯಿತು, ಅಷ್ಟೇ. ಭುಜ ಇಳಿಸಿದೆ. ಪ್ರಶ್ನೆಗಳು ಇನ್ನೂ ಅರ್ಧ ಗಂಟೆ ಓಡಿದವು. ಹಿರಿಯ ಇಂಜಿನಿಯರು ನಿಮ್ಮ ಕಡೆಯಿಂದ ಇನ್ನೇನಾದರೂ ಇದೆಯೇ ಎಂದು ಕಾಂಕ್ರೀಟ್ ಮೇಷ್ಟ್ರನ್ನು ಕೇಳಿದರು. ಅವರು ವಾಪಸ್ ಬಂದು ಕೂತು ಕಾಗದ ತಿರುವಿದರು, ಮತ್ತೆ ತಿರುವಿದರು. ನಾನು ಕಂಸದಲ್ಲಿ ಮೌನ ಎಂದು ಟೈಪ್ ಮಾಡಿದೆ. ಆಮೇಲೆ ಅವರು ಪಕ್ಕದ ಕನ್ನಡಕದವರ ಕಡೆ ಬಾಗಿ, ದನಿ ತಗ್ಗಿಸಿ ಏನೋ ಅಂದರು.

ಕೇಳಿಸಿತು ನನಗೆ. ಬೆರಳು ಒಂದು ಕ್ಷಣ ಕೀಲಿಗಳ ಮೇಲೆ ನಿಂತಿತು. ನಾನು ಟೈಪ್ ಮಾಡಿದೆ.

"ಅರ್ಧ ಗಂಟೆ ನಿಲ್ಲಲ್ಲ ಅಂದಿದ್ದೆ ನಾನು. ಎರಡೂವರೆ ಗಂಟೆ ಆಯ್ತು. ಇನ್ನು ಕೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಹುಡುಗಿ ಓದಿದಳು. ಅವಳ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ. ಎದುರಿನ ಗೋಡೆಯ ಗಡಿಯಾರ ನೋಡಿ, ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು.

"ಎರಡು ಗಂಟೆ ನಲವತ್ತು ನಿಮಿಷ, ಸರ್."

ಹಿರಿಯ ಇಂಜಿನಿಯರು ಮೇಜು ತಟ್ಟಿ ನಕ್ಕರು. ಉತ್ತೀರ್ಣ ಎಂದು ಅವರು ಬಾಯಿ ಬಿಟ್ಟು ಹೇಳುವ ಮೊದಲೇ ಅದು ನಮ್ಮ ಹುಡುಗಿಗೆ ಗೊತ್ತಾಗಿತ್ತು, ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಾದ ಕ್ಷಣದಲ್ಲೇ. ಕಾಂಕ್ರೀಟ್ ಮೇಷ್ಟ್ರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಮುಖ ಕೆಂಪಾಗಿತ್ತು, ಆದರೆ ಸಿಟ್ಟಿನಿಂದಲ್ಲ ಎಂದು ನನ್ನ ಅನಿಸಿಕೆ.

"ಅದನ್ನೂ ಟೈಪ್ ಮಾಡಿದ್ರಾ?"

"ಮಾಡಿದೆ ಸರ್."

ಮಾಡಿದೆ ಎಂದದ್ದನ್ನೂ ಟೈಪ್ ಮಾಡಿಯೇ ಲ್ಯಾಪ್‌ಟಾಪ್ ಮುಚ್ಚಿದೆ.